ಒಳಗ ಕಾಡುಪಾಪ ಮಲಗ್ಯದ, ಹಾರ್ನ್ ಹೊಡಿಬ್ಯಾಡ್ರಿ

ಕುತ್ತಿಗಿ ಮ್ಯಾಲ ಕುಡಗೋಲು.

ಮಡಿಲಾಗ ಹಳದಿ ಚೀಲ.

ಚೀಲದಾಗ ಒತ್ತೆಯಾಳು... ಗಡದ್ದಾಗಿ ನಿದ್ದಿ ಹೊಡಿಯಾಕತ್ತಿತ್ತು!

ಖರೇನ ಹೇಳ್ತೀನ್ರಿ ಸಾಹೇಬ್ರ. ಮಟಮಟ ಮಧ್ಯಾಹ್ನ. ಬಸ್ಸಿನಾಗ ಅರವತ್ತು ಮಂದಿ. ಒಬ್ರೂ ಉಸಿರು ಬಿಡವಲ್ರು.

"ಚೀಲ ಕೊಡ್ತೀಯೋ, ಕುತ್ತಿಗಿ ಕೊಡ್ತೀಯೋ?" ಅಂದ ಅವ.

ನಾ ಏನಂದ್ನಿ ಗೊತ್ತೇನು?

"ಅಣ್ಣಾ, ಎರಡೂ ಒಂದೊಂದ ಪೀಸ್ ಅದಾವ. ಎಕ್ಸ್‌ಚೇಂಜ್ ಆಫರ್ ಇಲ್ಲ!"

ಡೈಲಾಗ್ ಭಾರಿ ಇತ್ತು. ಹೇಳೂವಾಗ ಕಣ್ಣು ಗಟ್ಟಿ ಮುಚ್ಚಿದ್ನಿ. ಅದು ಬ್ಯಾರೆ ಮಾತು.

ಆರಾಮ ಕುಂದರ್ರಿ ಸಾಹೇಬ್ರ. ಸೀಟಿಗಿ ಬೆನ್ನು ಹಚ್ಚರಿ. ನನ್ನ ಆಟೋ ಹತ್ತಿದ ಕೂಡ್ಲೆ ಕೇಳಿದ್ರಲ್ಲ, 'ತಮ್ಮಾ, ಆ ದೊಡ್ಡ ಕಣ್ಣಿನ ಪ್ರಾಣಿ ಯಾವ ಗುಡ್ಡದಾಗ ಅದ' ಅಂತ? ಕರಕೊಂಡು ಹೊಂಟೀನಿ. ದಾರಿ ಉದ್ದ ಅದ. ಕತಿ ಕೇಳಕೋತ ಬರ್ರಿ. ಆ ಖಾಲಿ ಬುಟ್ಟಿ ಗಟ್ಟಿ ಹಿಡಕೋರಿ...

ಗುಂಡಿ ಬಂತು!

ಹಾಂ. ನಾ ಏಜಾಜ. ಊರು ಗೋಗಿ. ಗೋಗಿ–ಶಹಾಪುರ ಶೇರ್ ಆಟೋ ನನ್ನ ದಂಧೆ. ಸೈಡಿಗಿ ಇನ್ನೊಂದು ದಂಧೆ ಅದ... ಹುಡುಕೂದು! ಕಳಕೊಂಡ ಮೇಕಿ, ಕಳಕೊಂಡ ಮೊಬೈಲ್, ಮದುವಿ ದಿನ ಓಡಿ ಹೋದ ಮದುಮಗ. ಎಲ್ಲಾ ಹುಡುಕಿ ಕೊಟ್ಟೀನಿ. ಆ ಮದುಮಗನ್ನ ಮಾತ್ರ ಹುಡುಕಬಾರದಿತ್ತು. ಇವತ್ತಿಗೂ ಅವ ನನ್ನ ಆಟೋ ಹತ್ತಂಗಿಲ್ಲ!

ಮೂರನೇದ್ದು ದಂಧೆ ಅಲ್ಲ, ರೋಗ. ಕಿತಾಪತಿ. ಮಂದೀನ ಅಂಜಿಸೂದು, ರೀಲ್ ಮಾಡೂದು, ಹಾಕೂದು. ನಮ್ಮ ಅಮ್ಮಿ ದಿನಾ ಹೇಳ್ತಾಳ, "ತೂ ಏಕ್ ದಿನ್ ಮಾರ್ ಖಾತಾ ದೇಖ್!"

ಆ ಹೊಡತ ತಿನ್ನೂ ದಿನ ಹೆಂಗ ಬಂತು ಕೇಳ್ರಿ.

ಒಂದು ಸಂಜಿಮುಂದ ಒಂದು ಗುಡ್ಡದ ಜಾಲಿ ಕಂಟಿಯಾಗ ಬ್ಯಾಟರಿ ಬೆಳಕು ಬಿಟ್ಟಿದ್ನಿ. ಎರಡು ಕೆಂಪು ಕಣ್ಣು ಫಳಕ್ ಅಂದ್ವು! ಕದಲವಲ್ವು. ಮಿಟುಕವಲ್ವು. ನನ್ನ ಜೀವ ಬಾಯಿಗಿ ಬಂತು. ಆದ್ರ ಕ್ಯಾಮೆರಾ ಬಿಡಲಿಲ್ಲ. ಹಿನ್ನೆಲಿಗಿ ನಾಯಿ ಅಳೂ ಸೌಂಡ್ ಹಾಕಿದ್ನಿ. ಹೆಸರು ಇಟ್ನಿ... 'ಗುಡ್ಡದ ದೆವ್ವ, ಹಾರ್ಟ್ ವೀಕ್ ಇದ್ದವರು ನೋಡಬ್ಯಾಡ್ರಿ!'

ಹಾರ್ಟ್ ವೀಕ್ ಇದ್ದವರೇ ಎರಡು ಲಕ್ಷ ಮಂದಿ ನೋಡಿದ್ರು.

ಒಂದು ವಾರ ನಾ ಶಹಾಪುರದಾಗ ಹೀರೋ. ಚಾ ಕುಡದ್ರ ಚಾದಂಗಡಿಯಾವ ಸೆಲ್ಫಿ ತೊಗೋತಿದ್ದ.

ಎಂಟನೇ ದಿನ ಮುಂಜಾನಿ ಫೋನ್ ಬಂತು.

"ಲೇ ಏಜಾಜ, ಎಲ್ಲಿದ್ದಿ?"

"ಅಕ್ಕಾ, ಏಜಾಜ ಇರೂ ಜಾಗಾ ಗಾಳಿಗೂ..."

"ಡೈಲಾಗ್ ಹೊಡದ್ರ ಹಲ್ಲು ಉದುರಸ್ತೀನಿ. ಗುಡ್ಡಕ್ಕ ಬಾ. ನಿನ್ನ ದೆವ್ವ ಕಳುವಾಗ್ಯದ!"

ಸುಮಲತಾ. ನಾವು ಸುಮಕ್ಕ ಅಂತೀವಿ. ಫಾರೆಸ್ಟ್ ವಾಚರ್. ಸೀರಿ ಮ್ಯಾಲ ಖಾಕಿ ಅಂಗಿ, ಕೈಯಾಗ ಬಿದಿರ ಬಡಿಗಿ. ಗುಡ್ಡದ ಒಂದೊಂದು ಗಿಡಕ್ಕೂ ಹೆಸರಿಟ್ಟಾಳ. ಒಂದು ಗಿಡಕ್ಕ ಆಕಿ ಗಂಡನ ಹೆಸರು ಅದ. ಕುಡದಾಗ ಅವನಂಗ ವಾಲತದಂತ!

ಹೋದ್ನಿ. ಹೋದ ಕೂಡ್ಲೆ ಆಟೋದ ಚಾವಿ ಕಿತಗೊಂಡ್ಲು. ಕಿವಿ ಹಿಡದು ಜಾಲಿ ಕಂಟಿಗಿ ಎಳಕೊಂಡು ಹೋದ್ಲು.

"ಮ್ಯಾಲ ನೋಡು."

ನೋಡಿದ್ನಿ. ಮುಳ್ಳಿನ ನಡುವ ಒಂದು ಟೊಂಗಿ. ಟೊಂಗಿಗಿ ಒಂದು ಜೀವ. ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡದು. ನಾಕೂ ಕೈಕಾಲಿಲೆ ಟೊಂಗಿ ತಬ್ಬಿಕೊಂಡು, ತಲಿ ಒಳಗ ಹುದಗಿಸಿ, ಉಂಡಿ ಆಗಿ ಕುಂತಿತ್ತು.

"ಕಾಡುಪಾಪದ ಮರಿ," ಅಂದ್ಲು. "ನಿನ್ನ ದೆವ್ವದ ಕೂಸು. ರಾತ್ರಿ ತಾಯಿ ಇದನ್ನ ಟೊಂಗಿಗಿ ಕುಂದರ್ಸಿ ಹುಳಾ ಹಿಡಿಯಾಕ ಹೋಗ್ತದ. ಬೆಳಕು ಹರಿಯೂದ್ರಾಗ ಬಂದು ಹೊಟ್ಟಿಗಿ ಹಚಗೊಂಡು ಮಲಗ್ತದ. ಇವತ್ತ ಬರಲಿಲ್ಲ."

"ಎಲ್ಲಿ ಹೋತು?"

ಆಕಿ ನನ್ನ ಕಿವಿ ಬಿಟ್ಲು. ತನ್ನ ಫೋನ್ ನನ್ನ ಮೂಗಿಗಿ ಹಿಡದ್ಲು.

ನನ್ನ ರೀಲ್. ಕೆಳಗ ಒಂದು ಕಮೆಂಟ್... 'ಬ್ರೋ, ಲೊಕೇಶನ್ ಪ್ಲೀಸ್.' ಅದರ ಕೆಳಗ ನನ್ನ ಉತ್ತರ. ಮ್ಯಾಪ್ ಲಿಂಕ್. ಜೋಡಿಗಿ ಎರಡು ಹಾರ್ಟ್!

ಸಾಹೇಬ್ರ... ಎರಡು ಹಾರ್ಟ್ ಹಾಕಿದ್ನಿ ನಾ!

ಈ ಸಲ ನನ್ನ ಕಿವಿ ನಾನ ಹಿಡಕೊಂಡ್ನಿ.

"ಹೊತ್ತು ಮುಳಗಿದ ಮ್ಯಾಲ ಇದು ಹಸದು ಎದ್ದೇಳತದ," ಅಂದ್ಲು ಸುಮಕ್ಕ. "ತಾಯಿನ್ನ ಹುಡುಕತದ. ಕೈ ಬಿಡತದ. ಕೆಳಗ ಬೀಳತದ. ಅಷ್ಟ. ಜೀಪ್ ಯಾದಗಿರಿಲಿಂದ ಹೊಂಟದ, ಡಾಕ್ಟರ್ನ ಕರಕೊಂಡು ಬರೂದ್ರಾಗ ತಡ ಆಗ್ತದ. ನಾ ಗಿಡ ಬಿಟ್ಟು ಕದಲಂಗಿಲ್ಲ. ಕಾಗಿ ಕುಂತಾವ ನೋಡು. ನೀ ಹುಡಕಾವ ಅಲ್ಲೇನು?"

"ಹೌದಕ್ಕ."

"ಹುಡಕು. ಸಂಜಿ ಆರರೊಳಗ. ಮತ್ತ ಕೇಳು... ಸಿಕ್ಕಮ್ಯಾಲ ಅಲುಗಾಡಸಬ್ಯಾಡ. ಬಿಸಲಿಗಿ ಹಿಡಿಬ್ಯಾಡ. ಒದರಬ್ಯಾಡ!"

ಚಾವಿ ಎದಿಗಿ ಒಗದ್ಲು.

ಮೊದಲ ಕೆಲಸ... ರೀಲ್ ಡಿಲೀಟ್! ಎರಡು ಲಕ್ಷ ಮಂದಿ ಒಂದು ಬಟನ್ನಿಗಿ ಸತ್ರು.

ಎರಡನೇ ಕೆಲಸ... ಕಮೆಂಟ್ ಹಾಕಿದವನ ಫೋಟೋ. ಹೆಸರು 'ರಾಯಲ್ ರಂಗಣ್ಣ'. ಗಿಳಿ ಚಿತ್ರದ ಅಂಗಿ. ತಿರುವಿದ ಮೀಸಿ. ಕಪ್ಪು ಕನ್ನಡಕದಾಗ ಫೋಟೋ ತಗದವನ ಬೆರಳೂ ಕಾಣತಿತ್ತು.

ಮೆಸೇಜ್ ಬಿಟ್ನಿ. "ಅಣ್ಣಾ, ದೆವ್ವ ಇನ್ನೊಂದು ಸಿಕ್ಕದ. ಬೇಕೇನು?"

ಎರಡು ನಿಮಿಷ...

"ಬೇಕು. ಈಗ ಒಂದು ತೊಗೊಂಡು ಹೈದರಾಬಾದಿಗಿ ಹೊಂಟೀನಿ. ಶಹಾಪುರ ಬಸ್ ಸ್ಟ್ಯಾಂಡ್. ಹನ್ನೆರಡೂವರಿ ಬಸ್. ಮುಂದಿನ ವಾರ ಮಾತಾಡೂಣು ಬ್ರೋ."

ಕಳ್ಳರಿಗೂ ಲೊಕೇಶನ್ ಹಾಕೂ ಚಟ ಅದ ನೋಡ್ರಿ!

ಟೈಮ್ ಹನ್ನೆರಡು ಹೊಡದು ಹದಿನೈದು. ಆಟೋ ಹೆಂಗ ಓಡಿಸೀನಿ ಅಂದ್ರ, ಹಿಂದಿನ ಚಕ್ರ ಮುಂದ ಬಂದಿದ್ವು!

ಸ್ಟ್ಯಾಂಡಿನ ಗೇಟಿಗಿ ಆಟೋ ನಿಲ್ಲಿಸಿ ಒಳಗ ಹೋದ್ನಿ. ಅವ ಕಂಡ. ಅದಾ ಗಿಳಿ ಅಂಗಿ. ಎದಿಗಿ ಸೀರಿ ಅಂಗಡಿಯ ಹಳದಿ ಚೀಲ ಅವಚಿಕೊಂಡು ನಿಂತಿದ್ದ. ಹೆಂಗ ಅವಚಿದ್ದ ಅಂದ್ರ, ದೇವರ ಮೂರ್ತಿನೂ ಯಾರೂ ಹಂಗ ಹಿಡಿಯಂಗಿಲ್ಲ. ಹೈದರಾಬಾದಿನಾಗ ಯಾವನೋ ಮಾಟಗಾರ ಹೇಳ್ಯಾನಂತ, ಕಾಡುಪಾಪದ ಕಣ್ಣಿಗಿ ಹುಗಿದಿಟ್ಟ ನಿಧಿ ಕಾಣತದ ಅಂತ! ಅದರ ಕಣ್ಣಿಗಿ ಮಿಡತಿ ಬಿಟ್ರ ಏನೂ ಬೇಕಾಗಿಲ್ಲ ಸಾಹೇಬ್ರ. ಖರೇನ. ನೀವೂ ಹಂಗ ಏನರ ಕೇಳಿದ್ರ ಮರತುಬಿಡ್ರಿ.

ಕಸಗೊಳ್ಳೂದು ಹೆಂಗ? ಅವನ ಸೊಂಟದಾಗ ಕುಡಗೋಲಿನ ಹಿಡಿಕಿ ಕಾಣಾಕತ್ತಿತ್ತು.

ಅಷ್ಟ್ರಾಗ ಸುರಪುರದ ಕಡಿಲಿಂದ ಬಸ್ ಬಂತು!

ನಮ್ಮ ಕಡಿ ಬಸ್ ಬಂತಂದ್ರ ಏನಾಗತದ ನಿಮಗ ಗೊತ್ತಿಲ್ಲೇನು? ಬಸ್ ಇನ್ನಾ ನಿಂತಿರಂಗಿಲ್ಲ. ಮಂದಿ ಬಾಜೂಕ ಓಡ್ತಾರ. ಕಿಟಕಿಲಿಂದ ದಸ್ತಿ ಒಗೀತಾರ, ಟವೆಲ್ ಒಗೀತಾರ, ಟಿಫಿನ್ ಡಬ್ಬಿ, ಚಪ್ಪಲಿ, ಕೈಗೂಸು... ಏನು ಸಿಕ್ಕರ ಅದು! ಯಾರ ಸಾಮಾನು ಸೀಟಿನ ಮ್ಯಾಲ ಬಿತ್ತೋ, ಅವರ ಸೀಟು. ಮಂತ್ರಿ ಬಂದ್ರೂ ಎಬ್ಬಸಂಗಿಲ್ಲ.

ರಂಗಣ್ಣನೂ ಓಡಿದ. ಮೂವತ್ತು ವರ್ಷ ಓಡಿದ ಕಾಲು ಅವು. ಕಿಟಕಿ ಬಂತು. ಸೀಟು ಖಾಲಿ. ತಲಿ ಏನರ ಹೇಳೂದ್ರಾಗ ಕೈ ಕೆಲಸ ಮುಗಿಸಿತ್ತು...

ಹಳದಿ ಚೀಲ ಕಿಟಕಿ ಒಳಗ!

ಬಿಟ್ಟ ಮ್ಯಾಲ ಅವನ ಮುಖ ನೋಡಬೇಕಿತ್ತು ಸಾಹೇಬ್ರ. ತನ್ನ ಕೈ ತಾನ ನೋಡಿಕೊಂಡ. ಆಮ್ಯಾಲ ಬಾಗಿಲಿಗಿ ಓಡಿದ. ಬಾಗಿಲಾಗ ಅರವತ್ತು ಮಂದಿ!

ನಾ ಡ್ರೈವರ್ ಬಾಗಿಲಿಲೆ ಹತ್ತಿದ್ನಿ. ಡ್ರೈವರ್ ಕಾಕಾ ಬೈದ. "ಕಾಕಾ, ಜೀವ-ಮರಣದ ಮಾತು!" ಅಂದ್ನಿ. "ಎಲ್ಲಾರದೂ ಅದಾ ಮಾತು," ಅಂದ ಕಾಕಾ.

ಒಳಗ ಹೋಗೂದ್ರಾಗ ಯುದ್ಧ ಶುರು ಆಗಿತ್ತು!

ಸುರಪುರಲಿಂದ ನಿಂತು ಬಂದ ಒಬ್ಬ ಮುದುಕಿ, ಜೈತುನಬೀ ಅಂತ, ಚೀಲ ಎತ್ತಿ ಮಡಿಲಾಗ ಇಟಗೊಂಡು ಆ ಸೀಟಿನಾಗ ಕುಂತುಬಿಟ್ಟಾಳ. ರಂಗಣ್ಣ ಮಂದೀನ ತುಳಕೊಂಡು ಬಂದಾನ.

"ಏಳಬೇ ಮುದುಕಿ! ನನ್ನ ಚೀಲ ಇತ್ತಿಲ್ಲಿ!"

"ಬೇ ಅಂತೀಯಾ? ನಿನ್ನಂಥ ಆರು ಮಂದೀನ ಹಡದೀನಿ ಲೇ! ನನ್ನ ಮೊಣಕಾಲು ಕೇಳು, ಯಾರ ಸೀಟು ಅಂತ ಹೇಳ್ತಾವ!"

"ಚೀಲ ಕೊಡು ಮೊದ್ಲು!"

ಆಗ ನನ್ನ ತಲ್ಯಾಗ ಬಲ್ಬ್ ಹತ್ತಿತು. ಹಲ್ಲು ಕಿಸದು ನಡುವ ಹೊಕ್ಕು ಅಂದ್ನಿ...

"ಚೀಲ ನಂದು!"

ರಂಗಣ್ಣ ನನ್ನ ನೋಡಿದ. ಕಂಡಕ್ಟರ್ ಬಂದ. ಅವನಿಗಿ ಇದು ದಿನದ ಕೋರ್ಟ್. ಪೆನ್ನು ಕಿವಿಗಿ ಸಿಕ್ಕಸಿಕೊಂಡು ಒಂದಾ ಪ್ರಶ್ನೆ ಕೇಳ್ತಾನ. ಯಾರು ಬರೋಬ್ಬರಿ ಹೇಳ್ತಾರೋ ಅವರ ಚೀಲ.

"ಒಳಗ ಏನದ?"

ರಂಗಣ್ಣನ ಮೀಸಿ ಕೆಳಗ ಬಂತು. ಹೇಳಾಕ ಬರಂಗಿಲ್ಲಲ್ಲ!

"ಬ... ಬದನಿಕಾಯಿ," ಅಂದ.

"ನೀ ಹೇಳಪಾ."

"ಕಂಡಕ್ಟರ್ ಸಾಹೇಬ್ರ," ಅಂದ್ನಿ, "ಒಳಗ ಒಬ್ಬಾಕಿ ತಾಯಿ ಅದಾಳ. ಮಲಗ್ಯಾಳ. ಆಕಿ ಕೂಸು ದಾರಿ ಕಾಯಾಕತ್ತದ."

ಮಂದಿ ಹೋ ಅಂತ ನಕ್ರು. ಅಷ್ಟ್ರಾಗ...

ಬದನಿಕಾಯಿ ಆಕಳಿಸಿತು!

ಚೀಲದ ಬಾಯಿಲಿಂದ ಒಂದು ಕೈ ಹೊರಗ ಬಂತು. ಕಡ್ಡಿಯಂಥ ಕೈ. ಐದು ಬೆರಳು. ಉಗರು ಸೈತ ಬರೋಬ್ಬರಿ ಕೂಸಿನ್ವೇ. ಗಾಳ್ಯಾಗ ತಡವರಿಸಿ... ಜೈತುನಬೀದ ಬೆರಳು ಗಟ್ಟಿ ಹಿಡಕೊಂತು.

"ಹಾಯ್ ಅಲ್ಲಾ!" ಅಂದ್ಲು ಮುದುಕಿ. "ನನ್ನ ಬೆರಳು ಹಿಡದದ!"

ಮುಗೀತು. ಆರು ಮಂದೀನ ಹಡದ ಹೆಣಮಗಳು ಆ ಹಿಡತ ಗುರುತು ಹಿಡೀದೆ ಇರ್ತಾಳೇನು? ಚೀಲ ನನ್ನ ಎದಿಗಿ ಇಟ್ಲು, ನನ್ನ ಸೀಟಿಗಿ ಒತ್ತಿ ಕುಂದರ್ಸಿದ್ಲು, ತನ್ನ ಚಪ್ಪಲಿ ಕೈಯಾಗ ತೊಗೊಂಡ್ಲು. ರಂಗಣ್ಣನ ಕೆನ್ನಿಗಿ ಸುರಪುರದ ಧೂಳು ಹತ್ತಿತು!

ಅವ ಕುಡಗೋಲು ತಗದ. ನನ್ನ ಕುತ್ತಿಗಿಗಿ ಹಚ್ಚಿದ.

ಕತಿ ಎಲ್ಲಿ ಶುರು ಮಾಡಿದ್ನೋ ಅಲ್ಲಿಗಿ ಬಂದ್ವಿ ನೋಡ್ರಿ.

ಬಸ್ ಗೇಟಿನ ಕಡಿ ಹೊಂಟಿತ್ತು. ಹಿಂದೇನು ನಡದದ ಡ್ರೈವರ್ ಕಾಕಾಗ ಗೊತ್ತಿಲ್ಲ. ಮುಂದ ಏನದ ನನಗ ಗೊತ್ತಿತ್ತು. ಗೇಟಿನಾಗ ಒಂದು ಹಂಪ್ ಅದ. ಹಂಪ್ ಅಲ್ಲ ಅದು, ಮರಿ ಗುಡ್ಡ! ದಿನಾ ನನ್ನ ಆಟೋ ಹೊಟ್ಟಿ ಕೆರಕೊಂಡು ದಾಟತದ.

"ಅಣ್ಣಾ," ಅಂದ್ನಿ, "ಕೊನಿ ಆಸಿ ಒಂದು ಅದ."

"ಏನು?"

"ಮ್ಯಾಲಿನ ಕಂಬಿ ಹಿಡಕೋ."

"ಯಾಕ?"

ಧಡ್!

ಕುಂತವರು ಒಂದು ಗೇಣು ಹಾರಿದ್ರು. ನಿಂತವರೆಲ್ಲ ಕಂಬಿ ಹಿಡದಿದ್ರು, ರಂಗಣ್ಣ ಒಬ್ನ ಹಿಡಿದಿರಲಿಲ್ಲ. ಕುಡಗೋಲು ಹಿಡದಿದ್ದ! ಕುಡಗೋಲು ನನ್ನ ಕುತ್ತಿಗಿ ಬಿಟ್ಟು ಮ್ಯಾಲ ಹೋತು, ಅವನ ತಲಿ ಬಸ್ಸಿನ ಛಾವಣಿಗಿ ಬಡೀತು. ನಾ ಚೀಲ ಎತ್ತಿ, ಎದಿಗಿ ಹಚಗೊಂಡು, ಇಳಿದು... ನನ್ನ ಆಟೋ!

ಈಗ ಚೇಸಿಂಗ್ ಸಾಹೇಬ್ರ. ಇಂಥಾ ಚೇಸಿಂಗ್ ನೀವು ಯಾವ ಪಿಚ್ಚರದಾಗೂ ನೋಡಿಲ್ಲ.

ಯಾಕಂದ್ರ ನನ್ನ ಸ್ಪೀಡ್ ಐದು!

ಅಲುಗಾಡಸಬ್ಯಾಡ ಅಂದಾಳಲ್ಲ ಸುಮಕ್ಕ. ಗುಂಡಿ ಬಂದ್ರ ಬ್ರೇಕ್. ಕಲ್ಲು ಬಂದ್ರ ಬ್ರೇಕ್. ಒಂದು ಎಮ್ಮಿ ನನ್ನ ಓವರ್‌ಟೇಕ್ ಮಾಡ್ತು! ತಿರುಗಿ ನೋಡಿ ಹೋತು!

ಹಿಂದ ರಂಗಣ್ಣ ತಲಿ ಹಿಡಕೊಂಡು ಇಳಿದು, ಕಂಡ ಆಟೋಕ್ಕ ಹಾರ್ಯಾನ. ಅದು ಬಾಷುಮಿಯಾಂದು. ಆಮ್ಯಾಲ ಬಾಷುಮಿಯಾನ ಹೇಳಿದ ನನಗ, ಹೊಟ್ಟಿ ಹಿಡಕೊಂಡು ನಕ್ಕೋತ.

"ನಡಿ! ಆ ಆಟೋದ ಬೆನ್ನು ಹತ್ತು!" ಅಂದನಂತ ರಂಗಣ್ಣ.

"ಹತ್ತೂಣು ಭಾಯ್. ಇನ್ನಾ ನಾಕು ಮಂದಿ ಬರ್ಲಿ."

"ಏ, ಅವ ಓಡಿ ಹೊಂಟಾನ!"

"ಓಡಿ ಎಲ್ಲಿ ಹೋಗ್ತಾನ? ಶೇರ್ ಆಟೋ ಅದ ಭಾಯ್. ತುಂಬದ ಹೋಗಂಗಿಲ್ಲ. ಒಳಗ ಸರೀರಿ."

ಸರದ. ಇಬ್ರು ಬಂದ್ರು. ಒಬ್ಬಾಕಿ ಕೋಳಿ ಬುಟ್ಟಿ ತಂದ್ಲು. ಇನ್ನೊಬ್ಬಾವ ನೀರಿನ ಪೈಪ್ ತಂದ. ಬುಟ್ಟಿ ರಂಗಣ್ಣನ ಮಡಿಲಾಗ, ಪೈಪ್ ಅವನ ಕಂಕಳಾಗ. ಒಬ್ಬ ಮುದುಕ ಕುಡಗೋಲು ನೋಡಿ ಕೇಳಿದನಂತ, "ಯಾರ ಹೊಲಕ್ಕ ಹೊಂಟೀರಿ? ನಮ್ಮಲ್ಲೂ ಆಳು ಬೇಕಾಗ್ಯಾರ ನೋಡ್ರಿ."

ಹತ್ತು ಮಂದಿ ತುಂಬಿದ ಮ್ಯಾಲ ಆಟೋ ಹೊಂಟಿತು. ಹೊಂಟ ಮ್ಯಾಲ ಸುಮ್ನ ಹೋಗತದೇನು? ಇಲ್ಲೊಬ್ರು ಇಳೀತಾರ. ಅಲ್ಲೊಬ್ರು ಹತ್ತತಾರ. ಕೋಳಿ ಹಾರಿ ಹೋತು, ಹಿಡಿಯಾಕ ಎಲ್ಲಾರೂ ಇಳದ್ರು!

ನಾ ಕನ್ನಡಿಯಾಗ ನೋಡತಿದ್ನಿ. ಹತ್ರ ಬರ್ತದ... ನಿಲ್ತದ. ಹತ್ರ ಬರ್ತದ... ನಿಲ್ತದ. ಎದುರಿಗಿ ಬುದ್ಧ ಮಲಗಿದಂಗ ಕಾಣೂ ಗುಡ್ಡ. ಬಾಜೂಕ ಮಲಗಿದ ಕಾಡುಪಾಪ. ಇಡೀ ತಾಲೂಕಿನಾಗ ಎದ್ದಾವ ನಾ ಒಬ್ನ!

ನಾಕು ಗಂಟೆಕ್ಕ ಗುಡ್ಡ ಮುಟ್ಟಿದ್ನಿ. ನಡಕೊಂಡು ಬಂದಿದ್ರ ಮೊದ್ಲೇ ಬರ್ತಿದ್ನಿ.

ಸುಮಕ್ಕ ಗಿಡದ ಬುಡಕ್ಕ ಕುಂತಿದ್ಲು. ಬಾಯಿ ಮ್ಯಾಲ ಬೆರಳು. ಮರಿ ಇನ್ನಾ ಟೊಂಗಿ ತಬ್ಬಿತ್ತು. ಹಿಡಿತ ಸಡ್ಲ ಆಗಿತ್ತು. ಒಂದು ಕಾಲು ಜಾರಿತ್ತು. ನಾ ಚೀಲ ಆಕಿ ಕೈಗಿ ಕೊಟ್ನಿ. ಆಕಿ ಒಳಗ ನೋಡಿದ್ಲು. ಕಣ್ಣು ಒರಸಿಕೊಂಡ್ಲು.

ಹಿಂದ ಕಲ್ಲು ಉರುಳಿದ ಸಪ್ಪಳ!

ರಂಗಣ್ಣ. ಗಿಳಿ ಅಂಗಿ ತುಂಬ ಕೋಳಿ ಪುಚ್ಚ. ಕಣ್ಣು ಕೆಂಪಗ. ಕುಡಗೋಲು ಎತ್ತ್ಯಾನ. ಬಾಯಿ ತಗದು ಒದರಬೇಕು...

ಸುಮಕ್ಕ ಬೆರಳು ಮ್ಯಾಲ ತೋರಿಸಿದ್ಲು. "ಶ್ಶ್! ಮರಿ ಅಂಜಿ ಬೀಳತದ."

ಅವನೂ ಮ್ಯಾಲ ನೋಡಿದ. ಎರಡು ಸಿಗೂ ಆಸಿ ಹತ್ತಿತು ಅವನಿಗಿ. ಮರಿ ಬಿದ್ದು ಸತ್ರ ಲುಕ್ಸಾನು! ದನಿ ಇಳಿಸಿದ.

"ಕೊಂದಬಿಡ್ತೀನಿ ಲೇ," ಅಂದ. ಪಿಸಪಿಸ.

"ಬಾ ನೋಡೂಣು," ಅಂದ್ನಿ. ಪಿಸಪಿಸ.

"ನಾ ಯಾರಂತ ತಿಳದೀ?"

"ಸ್ವಲ್ಪ ಜೋರಾಗಿ ಹೇಳು, ಕೇಳಸವಲ್ದು."

"ಆಗಂಗಿಲ್ಲ, ಮರಿ ಬೀಳತದ!"

ಫೈಟಿಂಗ್ ಶುರು ಆತು. ಇಬ್ರೂ ತುದಿಗಾಲ ಮ್ಯಾಲ! ಅವ ಬೀಸತಾನ, ನಾ ಬಗ್ತೀನಿ. ಒಣಗಿದ ಎಲಿ ತುಳದ್ರ ಇಬ್ರೂ ನಿಂತು ಮ್ಯಾಲ ನೋಡ್ತೀವಿ. ಮತ್ತ ಶುರು. ಕುಡಗೋಲಿನ ತುದಿ ನನ್ನ ತೋಳು ಸೀಳಿತು. ಅಯ್ಯೋ ಅನ್ನಾಕ ಆಗವಲ್ದು! ತುಟಿ ಕಚ್ಚಿದ್ನಿ. ಬಿದ್ನಿ. ಅವ ಎದಿ ಮ್ಯಾಲ ಕಾಲಿಟ್ಟ. ಇನ್ನೊಮ್ಮಿ ಎತ್ತಿದ...

ಸುಮಕ್ಕ ಹಿಂದಿಲಿಂದ ಬಂದು, ಬಿದಿರ ಬಡಿಗಿ ತುದಿ, ಅವನ ಇನ್ನೊಂದು ಕಾಲಿನ ಕಿರಿಬೆರಳಿಗಿ... ಕುಟ್ಟಿದ್ಲು.

ಸಾಹೇಬ್ರ! ಒಬ್ಬ ಮನಷ್ಯಾ ಒದರದೆ ಒದರೂದು ನಾ ಅವತ್ತ ನೋಡೀನಿ! ತನ್ನ ಬಾಯಿಗಿ ತನ್ನ ಅಂಗೈನ ತುರಕಿಕೊಂಡ. ಕಣ್ಣಾಗ ನೀರು. ಕುಡಗೋಲು ಬಿತ್ತು. ಅವನ ದಸ್ತಿಲೆ ಅವನ ಕೈ ಕಟ್ಟಿದ್ವಿ. ಅಷ್ಟ್ರಾಗ ಜೀಪಿನಾಗ ಬಂದವರು ಕೆಳಗ ಇಂಜಿನ್ ಬಂದ್ ಮಾಡಿ, ಬೂಟು ಬಿಚ್ಚಿ ಕೈಯಾಗ ಹಿಡಕೊಂಡು ಮ್ಯಾಲ ಬಂದಿದ್ರು.

ಡಾಕ್ಟರ್ ತಾಯಿನ್ನ ನೋಡಿದ್ರು. ಪೆಟ್ಟಿಲ್ಲ ಅಂದ್ರು. ಗಿಡದ ಬೊಡ್ಡಿಗಿ ಹಚ್ಚಿದ್ರು. ಅದು ಬೊಡ್ಡಿ ತಬ್ಬಿಕೊಂಡು... ಮತ್ತ ಮಲಗಿಬಿಡ್ತು!

ಕಾದ್ವಿ. ಐದಾತು. ಆರಾತು. ಎಲ್ಲಾರ ಕಣ್ಣೂ ಟೊಂಗಿ ಮ್ಯಾಲ. ಕೈ ಕಟ್ಟಿದ ರಂಗಣ್ಣನೂ ನೋಡಾಕತ್ತಿದ್ದ.

ಹೊತ್ತು ಮುಳಗಿತು. ಮ್ಯಾಲ ಮರಿ ಕದಲಿತು. ಕೇಳಿಯೂ ಕೇಳದಂಗ ಚೀಂ ಅಂತು.

ಕೆಳಗ ಎರಡು ಕಣ್ಣು ತೆರದ್ವು. ಅವೇ ಕಣ್ಣು! ಬಟ್ಟಲಷ್ಟ ದೊಡ್ಡವು. ನಾ ದೆವ್ವ ಅಂತ ಮಾರಿದ ಕಣ್ಣು.

ಒಂದು ಕೈ ಮ್ಯಾಲ ಇಟ್ಟಿತು. ನಿಂತಿತು. ಇನ್ನೊಂದು ಕೈ. ನಿಂತಿತು. ಎರಡು ಮಾರು ಹತ್ತಾಕ ಅರ್ಧಾ ತಾಸು! ನಾ ಉಗರು ಎಲ್ಲಾ ತಿಂದು ಮುಗಿಸಿ ಸುಮಕ್ಕನ ಬಡಿಗಿ ಕಡಿಯಾಕತ್ತಿದ್ನಿ. ಮರಿದು ಎರಡೂ ಕಾಲು ಜಾರಿದ್ವು. ಕೈ ಒಂದಾ ಉಳದಿತ್ತು. ಒಂದಾ ಕೈ...

ತಾಯಿ ಕೈ ಚಾಚಿತು. ಹಿಡೀತು.

ಹೊಟ್ಟಿಗಿ ಹಚಗೊಂಡು ಮುಳ್ಳಿನೊಳಗ ಹೋಗಿಬಿಡ್ತು. ಒಂದು ಥ್ಯಾಂಕ್ಸ್ ಇಲ್ಲ, ಏನಿಲ್ಲ!

ನಾ ಅಳಲಿಲ್ಲ. ಗುಡ್ಡದಾಗ ಧೂಳು ಭಾಳ.

ಸುಮಕ್ಕ ತನ್ನ ದಸ್ತಿ ಹರದು ನನ್ನ ತೋಳಿಗಿ ಕಟ್ಟಿದ್ಲು. ಕಟ್ಟಕೋತ ಕೇಳಿದ್ಲು, "ನಾಳಿ ಮತ್ತ ಯಾರರ ಲೊಕೇಶನ್ ಕೇಳಿದ್ರ ಏನ್ ಮಾಡ್ತಿ?"

"ಆಟೋದಾಗ ಕುಂದರ್ಸ್ತೀನಿ ಅಕ್ಕಾ," ಅಂದ್ನಿ. "ಕತಿ ಹೇಳಕೋತ ಕರಕೊಂಡು ಬರ್ತೀನಿ."

ಏನಂದ್ರಿ ಸಾಹೇಬ್ರ? ಗುಡ್ಡ ಎಲ್ಲಿ ಅಂದ್ರಾ? ಆಟೋ ಯಾಕ ನಿಂತಿತು ಅಂದ್ರಾ?

ಇಳೀರಿ. ಆ ಗೇಟಿನಾಗ ಬಿದಿರ ಬಡಿಗಿ ಹಿಡಕೊಂಡು ನಿಂತಾಳಲ್ಲ, ಆಕೀನ ಸುಮಕ್ಕ. ಮ್ಯಾಲ ಬೋರ್ಡ್ ಓದ್ರಿ... ಫಾರೆಸ್ಟ್ ಆಫೀಸ್. ಆ ಖಾಲಿ ಬುಟ್ಟಿ ಯಾಕ ತಂದೀರಿ ಅಂತ ಆಕಿ ಮುಂದ ಹೇಳ್ರಿ. ಬದನಿಕಾಯಿಗಿ ಅಂತ ಮಾತ್ರ ಅನಬ್ಯಾಡ್ರಿ!

ನೀವು ಆಟೋ ಹತ್ತಿದ ಕೂಡ್ಲೆ ನಿಮ್ಮ ಲೊಕೇಶನ್ ಅಕ್ಕಗ ಕಳಿಸೀನಿ.

ಜೋಡಿಗಿ ಎರಡು ಹಾರ್ಟ್ ಹಾಕೀನಿ.